ಎರಡು ರಾಜಧಾನಿಗಳ ಕಾಕ

ಅವರು ಊರಿಗೆ ಹೋಗಿ ಏಳು ತಿಂಗಳಾಯಿತು. ಈಗಲೂ ಆಫೀಸಿನ ಫೋನ್ ಎತ್ತಿದರೆ ಆ ಕಡೆಯಿಂದ "ಕಾಕ ಇದ್ದಾರಾ?" ಎಂದೇ ಕೇಳುತ್ತಾರೆ. ಇಲ್ಲ, ಖಾಯಂ ಆಗಿ ಊರಿಗೆ ಹೋದರು, ನಾನು ಏನಾದರೂ ಮಾಡಿಕೊಡಬಹುದಾ ಎಂದರೆ ಪರವಾಗಿಲ್ಲ ಎಂದು ಇಟ್ಟುಬಿಡುತ್ತಾರೆ. ಪರವಾಗಿಲ್ಲವಂತೆ! ಹದಿಮೂರು ವರ್ಷ ಅದೇ ಆಫೀಸಿನಲ್ಲಿ ಟಿಕೆಟ್ ಮಾಡಿದ ನನಗೆ ಮೊದಮೊದಲು ಈ ಮಾತು ಕೇಳಿ ಮೈ ಉರಿಯುತ್ತಿತ್ತು. ಈಗ ಇಲ್ಲ. ಅವರಿಗೆ ಬೇಕಾದದ್ದು ಟಿಕೆಟ್ ಅಲ್ಲ ಎಂದು ನನಗೂ ಗೊತ್ತು. ಟಿಕೆಟ್ ಅವರವರ ಕಿಸೆಯೊಳಗಿನ ಫೋನಿನಲ್ಲೇ ಸಿಗುತ್ತದೆ.

ನಮ್ಮದು ಕುವೈತಿನ ಹವಲ್ಲಿಯ ಒಂದು ಹಳೇ ಕಟ್ಟಡದ ಕೆಳಗಿರುವ ಸಣ್ಣ ಟ್ರಾವೆಲ್ ಆಫೀಸು. ಎಡಕ್ಕೆ ಮೊಬೈಲ್ ಅಂಗಡಿ, ಬಲಕ್ಕೆ ಮೊಬೈಲ್ ಅಂಗಡಿ, ಎದುರಿಗೆ ಮೊಬೈಲ್ ರಿಪೇರಿ. ನಾನು ಸೇರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅವರು ಅಲ್ಲಿ ಕೂತಿದ್ದರು. ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಂ. ನಾನು ಮಂಗಳೂರಿನ ಹತ್ತಿರದ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವಳು. ಅವರ ಬ್ಯಾರಿ ಭಾಷೆ ನನಗೆ ಅರ್ಧ ಅರ್ಥ, ನನ್ನ ಕೊಂಕಣಿ ಅವರಿಗೆ ಕಾಲು ಅರ್ಥ. ಹಾಗಾಗಿ ಊರಿನ ಕನ್ನಡದಲ್ಲೇ ನಮ್ಮ ಮಾತು, ಜಗಳ, ಚಾ. ನನ್ನನ್ನು ಅವರು ಬಾಯಮ್ಮ ಎಂದು ಕರೆಯುತ್ತಿದ್ದರು. ಆಫೀಸಿಗೆಲ್ಲ ಅವರು ಕಾಕ.

ಒಂದು ಊರನ್ನು ವಿವರಿಸಲು ಶುರು ಮಾಡುವ ಮೊದಲು ಅವರು ಮೇಜಿನ ಕೆಳಗೆ ಚಪ್ಪಲಿ ಕಳಚುತ್ತಿದ್ದರು. ಚಪ್ಪಲಿ ಕಳಚಿದ ಸದ್ದು ಕೇಳಿದ ಕೂಡಲೇ ನಾನು ಫೋನನ್ನು ನನ್ನ ಕಡೆಗೆ ಎಳೆದುಕೊಳ್ಳುತ್ತಿದ್ದೆ. ಇನ್ನು ಅರ್ಧ ಗಂಟೆ ಅವರು ಕುವೈತಿನಲ್ಲಿ ಇರುವುದಿಲ್ಲ ಎಂದು ಅದರ ಅರ್ಥ.

ರಜೆ ಬಂದಾಗ ಇಲ್ಲಿರುವ ನಮ್ಮಂಥವರಿಗೆ ಊರಿಗೆ ಹೋಗುವುದು ಬಿಟ್ಟರೆ ಎರಡೇ ಆಸೆ. ಒಂದೋ ಮಳೆ ಕಾಣಬೇಕು, ಇಲ್ಲ ಚಳಿ ಕಾಣಬೇಕು. ಮಳೆಗೆ ಮಲೇಷ್ಯಾದ ರಾಜಧಾನಿ ಕ್ವಾಲಾಲಂಪುರ, ಚಳಿಗೆ ಜಾರ್ಜಿಯಾದ ರಾಜಧಾನಿ ಟಿಬಿಲಿಸಿ. ಒಂದು ಪೂರ್ವಕ್ಕೆ ಏಳೆಂಟು ಗಂಟೆ, ಇನ್ನೊಂದು ಉತ್ತರಕ್ಕೆ ಮೂರು ಚಿಲ್ಲರೆ ಗಂಟೆ. ಬೇರೆ ಊರುಗಳ ಟಿಕೆಟನ್ನೂ ನಾವು ಮಾಡುತ್ತಿದ್ದೆವು, ಇಲ್ಲ ಎಂದಲ್ಲ. ಆದರೆ ಕಾಕನ ಎದುರು ಕೂತವರು ಏಳುವಾಗ ಇವೆರಡರಲ್ಲಿ ಒಂದನ್ನು ಹಿಡಿದುಕೊಂಡೇ ಏಳುತ್ತಿದ್ದರು.

ಹಳೇ ಟಿಕೆಟ್ ಕವರಿನ ಬೆನ್ನಿಗೆ ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಎಡಕ್ಕೆ ಕ್ವಾಲಾಲಂಪುರ, ಬಲಕ್ಕೆ ಟಿಬಿಲಿಸಿ. ಮೊದಲ ಪ್ರಶ್ನೆ ಯಾವಾಗಲೂ ಮನೆಯಲ್ಲಿ ಮೊಣಕಾಲು ನೋವು ಯಾರಿಗಿದೆ ಎಂದು. ಟಿಬಿಲಿಸಿಯ ಹಳೇ ಪೇಟೆ ಪೂರ್ತಿ ಏರು, ಇಳಿಜಾರು, ಕಲ್ಲು ಹಾಸಿದ ದಾರಿ. ಆದರೆ ಕೋಟೆಯ ಮೇಲಕ್ಕೆ ಹಗ್ಗದ ಮೇಲೆ ಹೋಗುವ ಡಬ್ಬಿ ಇದೆ, ಅದರಲ್ಲಿ ಕೂತರೆ ಮೊಣಕಾಲಿಗೆ ಕೆಲಸವಿಲ್ಲ. ಎರಡನೇ ಪ್ರಶ್ನೆ, ಮಕ್ಕಳಿಗೆ ದಿನಾ ಅನ್ನ ಬೇಕಾ ಎಂದು. ಬೇಕು ಎಂದರೆ ಕವರಿನ ಎಡಬದಿಗೆ ಒಂದು ಚುಕ್ಕೆ. ಅಲ್ಲಿ ಬೆಳಗ್ಗೆ ಬಾಳೆ ಎಲೆಯಲ್ಲಿ ಕಟ್ಟಿದ ತೆಂಗಿನ ಹಾಲಿನ ಅನ್ನ, ಜೊತೆಗೆ ಒಣಮೀನು ಹಾಕಿದ ಖಾರದ ಚಟ್ನಿ, ಒಂದು ಮೊಟ್ಟೆ. ಮಧ್ಯಾಹ್ನದ ಮೇಲೆ ಪರೋಟದ ತಮ್ಮನಂಥ ಒಂದು ರೊಟ್ಟಿ, ಎತ್ತಿ ಎತ್ತಿ ಸುರಿದು ನೊರೆ ಬರಿಸಿದ ಚಾ. ನಾಲ್ಕು ಗಂಟೆಗೆ ಮಳೆ ಬರುತ್ತದೆ, ಕೊಡೆ ಹಿಡಿಯಬೇಡಿ, ಅಂಗಡಿಯ ಜಗಲಿಯಲ್ಲಿ ಎಲ್ಲರ ಜೊತೆ ನಿಲ್ಲಿ, ಆ ಊರು ನೋಡಲು ಸಿಗುವುದು ಆವಾಗಲೇ ಎನ್ನುತ್ತಿದ್ದರು.

ಟಿಬಿಲಿಸಿಯ ವಿಷಯ ಬಂದರೆ ಸ್ವರ ತಗ್ಗುತ್ತಿತ್ತು. ನದಿಯ ಮೇಲೆ ಗಾಜಿನ ಸೇತುವೆ. ಗಂಧಕದ ಬಿಸಿನೀರಿನ ಹಳೇ ಸ್ನಾನದ ಮನೆಗಳು, ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ, ಹೆದರಬೇಡಿ ನೀರು ಒಳ್ಳೆಯದು. ಅದರ ಮೇಲ್ಗಡೆ ಒಂದೇ ಒಂದು ಮಸೀದಿ, ಅಲ್ಲಿ ಸುನ್ನಿಗಳೂ ಶಿಯಾಗಳೂ ಒಂದೇ ಮಾಡಿನ ಕೆಳಗೆ ನಿಲ್ಲುತ್ತಾರೆ. ಜುಟ್ಟು ಹಿಡಿದು ತಿನ್ನುವ ಕಡುಬು ಸಿಗುತ್ತದೆ, ಒಳಗೆ ಮಾಂಸದ ರಸ, ಮೊದಲು ರಸ ಹೀರಬೇಕು, ಜುಟ್ಟನ್ನು ತಟ್ಟೆಯಲ್ಲಿ ಬಿಡಬೇಕು, ತಿಂದರೆ ಬಡಿಸುವವಳು ನಗುತ್ತಾಳೆ. ಆದರೆ ಆ ಕಡುಬು ನಮ್ಮವರಿಗೆ ಆಗುವುದಿಲ್ಲ, ಯಾವ ಮಾಂಸವೋ ಏನೋ. ನಮ್ಮವರಿಗೆ ದೋಣಿಯಾಕಾರದ ಚೀಸ್ ರೊಟ್ಟಿ ಇದೆ, ಲೋಬಿಯಾನಿ ಎಂಬ ಬೀನ್ಸ್ ರೊಟ್ಟಿ ಇದೆ. ಬೀನ್ಸ್ ರೊಟ್ಟಿ ಕಣ್ಣು ಮುಚ್ಚಿ ತಿನ್ನಿ. ಬರೇ ಬೀನ್ಸ್, ಬೆಣ್ಣೆ. ಉಪ್ಪು ನಮ್ಮ ನಾಲಿಗೆಗೆ ಸರಿಯಾಗಿ ಇರುತ್ತದೆ.

ಎರಡೂ ಊರುಗಳನ್ನು ಅವರು ಕಂಡಿರಲಿಲ್ಲ.

ಇದು ಗುಟ್ಟೇನಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಅಷ್ಟೆ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಊರಿಗೆ ಹೋಗಿ ಬರುವುದಕ್ಕೆ ಮುಗಿಯುತ್ತಿತ್ತು. ಬ್ನೇದ್ ಅಲ್ ಗಾರಿನ ಫ್ಲ್ಯಾಟಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ, ಅಲ್ಲಿಂದ ಬಸ್ಸಿನಲ್ಲಿ ಹವಲ್ಲಿ, ಹವಲ್ಲಿಯಿಂದ ವಾಪಸ್. ಅವರ ಕುವೈತೂ ಅಷ್ಟೇ ಇತ್ತು.

ಹಾಗಾದರೆ ಇದೆಲ್ಲ ಹೇಗೆ ಗೊತ್ತು? ಹೋಗಿ ಬಂದವರಿಗೆ ಕಾಕನಿಂದ ಬಿಡುಗಡೆ ಇರಲಿಲ್ಲ. ಚಾಕಲೇಟ್ ತಂದುಕೊಟ್ಟರೆ ನನ್ನ ಕಡೆಗೆ ದಾಟಿಸಿ, ಎದುರಿನ ಕುರ್ಚಿ ತೋರಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ಮೊದಲ ರಾತ್ರಿ ಎಂತ ತಿಂದದ್ದು? ಎಲ್ಲಿ ದಾರಿ ತಪ್ಪಿದ್ದು? ಅಲ್ಲಿಯವರು ನಿಮ್ಮತ್ರ ಎಂತ ಕೇಳಿದ್ದು? ಉತ್ತರಗಳನ್ನು ಹಸಿರು ರಟ್ಟಿನ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನಿಂದ ಕ್ವಾಲಾಲಂಪುರ, ತಿರುಗಿಸಿ ಹಿಂದಿನಿಂದ ಟಿಬಿಲಿಸಿ. ಪ್ರತಿ ಟಿಪ್ಪಣಿಯ ಕೆಳಗೆ "ಹೇಳಿದವರು" ಎಂದು ಬರೆದು ಆ ಮನುಷ್ಯನ ಗುರುತು. "ಹೇಳಿದವರು: ಸಾಲ್ಮಿಯಾದ ದಂತವೈದ್ಯರ ಹೆಂಡತಿ." "ಹೇಳಿದವರು: ಎರಡು ಸಲ ಮದುವೆಯಾದ ಬ್ಯಾಂಕಿನವರು." ವರ್ಷಗಳು ಕಳೆದ ಹಾಗೆ ಎರಡು ಊರುಗಳೂ ಆ ಪುಸ್ತಕದೊಳಗೆ ಒಂದಕ್ಕೊಂದು ಹತ್ತಿರ ಬರುತ್ತಿದ್ದವು.

ನಾನು ಕ್ವಾಲಾಲಂಪುರಕ್ಕೆ ಹೋಗಿ ಬಂದಾಗ ನನ್ನನ್ನೂ ಕೂರಿಸಿದರು. ಅವಳಿ ಗೋಪುರದ ಬಾಗಿಲಿಂದ ಹೊರಗೆ ಬಂದರೆ ಕಾರಂಜಿ ಕಾಣುವುದಿಲ್ಲ ಕಾಕ, ನೀವು ಸುಮ್ಮನೆ ಹೇಳಿದ್ದು ಎಂದೆ. ಅವರು ಪುಸ್ತಕ ತೆರೆಯದೆಯೇ, ಇಲ್ಲ ಬಾಯಮ್ಮ, ನೀವು ತಪ್ಪು ಬಾಗಿಲಲ್ಲಿ ಹೊರಗೆ ಬಂದದ್ದು ಎಂದರು. ಕಾಣದ ಊರಿನ ಬಗ್ಗೆ ಕಂಡವಳಿಗೇ ಪಾಠ ಹೇಳುವ ಇವರ ಧೈರ್ಯ ನೋಡಿ ಎಂದು ಮನೆಗೆ ಹೋಗಿ ಗಂಡನ ಹತ್ತಿರ ಹೇಳಿದೆ. ಅವನು ಫೋಟೋಗಳನ್ನು ತೆಗೆದು ನೋಡಿದ. ನಾವು ತಪ್ಪು ಬಾಗಿಲಲ್ಲೇ ಹೊರಗೆ ಬಂದಿದ್ದೆವು.

ಇನ್ನೊಂದು ಹೇಳಬೇಕು. ಮೀನಾ ಅಬ್ದುಲ್ಲಾದ ರಿಫೈನರಿಯ ಕಾಂಟ್ರಾಕ್ಟಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಸುರತ್ಕಲ್ಲಿನ ಒಬ್ಬರು ಶುಕ್ರವಾರ ಬರುತ್ತಿದ್ದರು. ಮಂಗಳೂರಿನ ಟಿಕೆಟ್ ಬಿಟ್ಟು ಇನ್ನೊಂದು ಟಿಕೆಟ್ ಅವರ ಹೆಸರಿನಲ್ಲಿ ಆಗುವುದಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಒಂದು ಸಲ ಸಂಕೋಚದಿಂದ, ಆ ಮತ್ತೊಬ್ಬರಿಗೆ ಹೇಳುತ್ತಿದ್ದಿರಲ್ಲ, ಚಳಿಯ ಊರು, ಅದು ಹೇಗುಂಟು ಎಂದರು. ಕಾಕ ಚಪ್ಪಲಿ ಕಳಚಿದರು. ಕವರಿಗೆ ಗೆರೆ ಎಳೆದರು. ಮೊಣಕಾಲು ನೋವಿದೆಯಾ ಎಂದು ಕೇಳಿದರು. ಬಾಗಿಲ ಹತ್ತಿರ ಒಬ್ಬ ಮ್ಯಾನೇಜರು ಗಡಿಯಾರ ನೋಡುತ್ತಾ ನಿಂತಿದ್ದರೂ, ಒಂದು ಬೀದಿಯನ್ನೂ ಬಿಡದೆ ಎರಡೂ ಊರು ಸುತ್ತಿಸಿದರು. ಆ ವೆಲ್ಡರ್ ಕವರನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ಆ ದಿನದಿಂದ ಈ ಮನುಷ್ಯನ ಮೇಲೆ ನನಗಿದ್ದ ಮರ್ಯಾದೆ ಪ್ರೀತಿಯಾಯಿತು ಎಂದು ಹೇಳಿದರೆ ತಪ್ಪಿಲ್ಲ.

ಕಳೆದ ಕ್ರಿಸ್ಮಸ್‌ಗೆ ನಾವು ಟಿಬಿಲಿಸಿಗೆ ಹೋದೆವು. ಅಷ್ಟರಲ್ಲಿ ಕಾಕನ ಲೆಕ್ಕ ಮುಗಿದಿತ್ತು. ನಮಗೆಲ್ಲ ವೀಸಾ ಕೊಟ್ಟ ಕುವೈತಿ ಧಣಿ, ನಮ್ಮ ಕಫೀಲ್, ಒಳ್ಳೆಯ ಮುದುಕ, ಆದರೆ ವ್ಯವಹಾರ ಈಗ ಅವನ ಮಗನ ಕೈಯಲ್ಲಿ. ಈ ವಯಸ್ಸಿನವರ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಇನ್ನು ಹೊಸದು ಮಾಡುವುದಿಲ್ಲ, ಖಲಾಸ್ ಎಂದು ಹೇಳಿಯಾಗಿತ್ತು. ರಮದಾನಿಗೆ ಮೊದಲು ಊರಿಗೆ. ಕಾಕ ಅದನ್ನು ದೊಡ್ಡದು ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಇನ್ನು ಎಂಟು ಹಾಳೆ ಖಾಲಿ ಇವೆ, ತುಂಬಿಸಿಯೇ ಹೋಗುತ್ತೇನೆ ಎಂದರು.

ನಾನು ವಾಪಸ್ ಬಂದ ದಿನ ಕುರ್ಚಿ ತೋರಿಸಿದರು. ಮೊದಲ ರಾತ್ರಿ ಎಂತ ತಿಂದದ್ದು?

ಕುವೈತಿನಲ್ಲಿ ಹಂದಿ ಮಾಂಸ ಸಿಗುವುದಿಲ್ಲ, ಸಿಗುವ ಹಾಗೂ ಇಲ್ಲ. ನಮ್ಮ ಮನೆಗಳಲ್ಲಿ ಅದಿಲ್ಲದೆ ಹಬ್ಬವಿಲ್ಲ, ಮದುವೆಯಿಲ್ಲ. ಇಷ್ಟು ವರ್ಷ ಕ್ರಿಸ್ಮಸ್‌ಗೆ ಕೋಳಿ ತಿಂದು ತೃಪ್ತಿಪಟ್ಟುಕೊಂಡವಳಿಗೆ ಅಲ್ಲಿ ಸಿಕ್ಕಿತು. ಅದೇ ಹುರುಪಿನಲ್ಲಿ ಹೇಳಿದೆ. ನೀವು ಹೇಳಿದ ಬೀನ್ಸ್ ರೊಟ್ಟಿಯನ್ನೇ ತರಿಸಿದೆ ಕಾಕ. ಬಡಿಸುವವಳು ಎರಡರಲ್ಲಿ ಯಾವುದು ಎಂದು ಕೇಳಿದಳು, ನಾನು ಗೊತ್ತಿಲ್ಲದೆ ಒಂದಕ್ಕೆ ಬೆರಳು ತೋರಿಸಿದೆ. ಬಂದದ್ದು ನೋಡಿದರೆ ಬೀನ್ಸಿನ ನಡುವೆ ಹೊಗೆ ಹಿಡಿಸಿದ ಹಂದಿಯ ಸಣ್ಣ ಸಣ್ಣ ತುಂಡು. ನನ್ನ ಅಮ್ಮನ ಅಡುಗೆಮನೆಯದೇ ಪರಿಮಳ. ನನ್ನ ಕಣ್ಣಲ್ಲಿ ನೀರು ಬಂತು, ಮಗಳು "ಮಮ್ಮಿ, ಇಟ್ಸ್ ಜಸ್ಟ್ ಬ್ರೆಡ್" ಎಂದಳು.

ಇಷ್ಟು ಹೇಳಿದ ಮೇಲೆ ಅವರ ಪೆನ್ನು ನಿಂತದ್ದು ಕಂಡಿತು. ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ಬೀನ್ಸ್ ರೊಟ್ಟಿಯಲ್ಲಿ?" ಎಂದು ಕೇಳಿದರು.

ಎರಡು ನಮೂನೆ ಇದೆಯಂತೆ, ಒಂದು ಬರೇ ಬೀನ್ಸಿನದು, ಅದೇ ಹೆಚ್ಚಾಗಿ ಸಿಗುವುದು, ಇನ್ನೊಂದು ಅಪರೂಪ ಎಂದು ಏನೇನೋ ಸಮಜಾಯಿಷಿ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎದ್ದು ಹೋಗಿ ಕೈಕಾಲು ಮುಖ ತೊಳೆದು ಬಂದು, ಹಿಂದಿನ ಕೋಣೆಯಲ್ಲಿ ನಮಾಜಿಗೆ ನಿಂತರು. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು.

ಕಣ್ಣು ಮುಚ್ಚಿ ತಿನ್ನಿ ಎಂದು ಅವರು ಎಷ್ಟು ಮುಸ್ಲಿಂ ಮನೆಗಳಿಗೆ ಹೇಳಿದ್ದರೋ! ನೆನಪಿದ್ದವರಿಗೆಲ್ಲ ಆ ವಾರವೇ ಫೋನ್ ಮಾಡಿದರು. ನಾನು ಹೇಳಿದ್ದರಲ್ಲಿ ತಪ್ಪಿತ್ತು, ಇನ್ನು ಹೋದರೆ ಕೇಳದೆ ತಿನ್ನಬೇಡಿ, ನೀವು ತಿಂದಿದ್ದರೆ ಗೊತ್ತಿಲ್ಲದೆ ತಿಂದದ್ದು, ದೋಷ ನನ್ನದು. ಹೆಚ್ಚಿನವರು, ಅಯ್ಯೋ ಕಾಕ, ನಾವು ಅಲ್ಲಿ ಚೀಸ್ ರೊಟ್ಟಿಯನ್ನೇ ತಿಂದದ್ದು, ಬಿಡಿ ಎಂದರು. ಒಬ್ಬರು ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು, ಮತ್ತೆ ನಮ್ಮ ಆಫೀಸಿಗೆ ಬರಲಿಲ್ಲ.

ಒಬ್ಬರಿಗೆ ಮಾತ್ರ ಅವರು ಫೋನ್ ಮಾಡಲಿಲ್ಲ. ನಮ್ಮ ಆಫೀಸಿನ ಎಡಬದಿಯ ಮೊಬೈಲ್ ಅಂಗಡಿಯವರ ತಾಯಿ, ಹಜ್ಜುಮ್ಮ. ಹಜ್ ಮಾಡಿ ಬಂದವರು, ಎಪ್ಪತ್ತು ದಾಟಿದವರು, ಮಗನ ಜೊತೆ ಹವಲ್ಲಿಯಲ್ಲೇ ಇರುವವರು. ಅದಕ್ಕೆ ನಾಲ್ಕೈದು ತಿಂಗಳ ಮೊದಲು ಮಗ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದಾಗ ಕಾಕ ಕವರಿಗೆ ಗೆರೆ ಎಳೆದು ಕ್ವಾಲಾಲಂಪುರದ ಕಡೆಗೇ ಚುಕ್ಕೆ ಹಾಕುತ್ತಾ ಹೋಗಿದ್ದರು. ಹಜ್ಜುಮ್ಮ ಒಪ್ಪಲಿಲ್ಲ. ಎತ್ತರದ ಕಟ್ಟಡ ಇಲ್ಲೂ ಇದೆ, ತೆಂಗಿನ ಹಾಲಿನ ಅನ್ನ ನಾನೇ ಮಾಡುತ್ತೇನೆ, ಅದಕ್ಕೆ ಏಳು ಗಂಟೆ ವಿಮಾನದಲ್ಲಿ ಕೂರಬೇಕಾ ಎಂದು ಕೇಳಿದರು. ಹಾಗೆ ಟಿಬಿಲಿಸಿಗೆ ಹೋದರು. ಬೇರೆ ಏನು ತಿನ್ನಲೂ ಮನಸ್ಸು ಒಪ್ಪದೆ, ಹೋಟೆಲಿನ ಪಕ್ಕದ ಬೇಕರಿಯ ಬೀನ್ಸ್ ರೊಟ್ಟಿಯನ್ನೇ ನಾಲ್ಕು ದಿನ ಹೊತ್ತು ಹೊತ್ತಿಗೆ ತಿಂದಿದ್ದರು. ಬಂದ ಮೇಲೆ ಕಂಡವರಿಗೆಲ್ಲ ಕಾಕನ ಗುಣಗಾನ.

ರೊಟ್ಟಿಯಲ್ಲಿ ಮಾಂಸ ಇತ್ತಾ ಎಂದು ಅವರ ಹತ್ತಿರವೇ ಕೇಳಿಬಿಡಿ ಎಂದೆ ನಾನು.

"ಕೇಳಿದ್ರೆ ಸಂಶಯ ಹಾಕಿದ ಹಾಗೆ ಆಗ್ತದೆ ಬಾಯಮ್ಮ. ರೊಟ್ಟಿ ಆದ್ರೆ ಹೊಟ್ಟೆಗೆ ಹೋಗಿ ಕರಗ್ತದೆ. ಸಂಶಯ ಕರಗುದಿಲ್ಲ. ಹಜ್ಜು ಮಾಡಿದ ಹೆಂಗಸು, ಇರುವಷ್ಟು ದಿನ ಅದನ್ನೇ ಯೋಚನೆ ಮಾಡ್ತಾ ಕೂರ್ತಾರೆ."

ಗೊತ್ತಿಲ್ಲದೆ ತಿಂದರೆ ನಿಮ್ಮಲ್ಲೂ ಪಾಪ ಇಲ್ಲ ಅಲ್ಲವಾ ಎಂದೆ.

"ತಿಂದವರಿಗೆ ಇಲ್ಲ. ಹೇಳಿದವನಿಗೆ?"

ಟಿಬಿಲಿಸಿಯಲ್ಲಿ ಹಜ್ಜುಮ್ಮ ಉಳಿದಿದ್ದ ಹೋಟೆಲಿಗೆ ನಾನೇ ಫೋನ್ ಮಾಡಿದೆ. ಸ್ವಾಗತದ ಮೇಜಿನವನು, ಯೆಸ್ ಮೇಡಂ, ಎಲ್ಲ ಸರಿ ಇದೆ, ಬರೇ ಬೀನ್ಸ್, ಧಾರಾಳ ತಿನ್ನಿ ಎಂದ. ಕಾಕನಿಗೆ ಹೇಳಿದರೆ ಬೇಸರದಿಂದ ನಕ್ಕರು. ಅವನೂ ತಿಂದು ನೋಡಿರಲಿಕ್ಕಿಲ್ಲ, ನಾನು ಇಷ್ಟು ವರ್ಷ ಹೇಳಿದ್ದೂ ಹೀಗೆಯೇ ಅಲ್ಲವಾ ಎಂದರು. ಮೂರು ನಾಲ್ಕು ದಿನ ಎಡಬದಿಯ ಅಂಗಡಿಯ ಎದುರಿನಿಂದ ಹೋಗದೆ, ಹಿಂದಿನ ಓಣಿಯಿಂದ ಸುತ್ತಿ ಆಫೀಸಿಗೆ ಬಂದರು. ಹಜ್ಜುಮ್ಮ ಮಗನ ಕೈಯಲ್ಲಿ ಕಳಿಸಿದ ತಿಂಡಿಯ ಡಬ್ಬಿಯನ್ನು ತೆರೆಯಲೇ ಇಲ್ಲ. ನನಗೆ ನೋಡಲು ಆಗುತ್ತಿರಲಿಲ್ಲ. ಆ ಹಂದಿಯ ಸುದ್ದಿ ಹೇಳಿದ ನನ್ನ ಬಾಯಿಗೆ ಬೀಗ ಹಾಕಬೇಕಿತ್ತು ಎಂದು ಎಷ್ಟು ಸಲ ಅಂದುಕೊಂಡೆನೋ.

ಐದನೇ ದಿನ ಅವರು ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಈಚೆಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ನನ್ನ ಎದುರು ಕೂತರು.

"ಇಕಾಮಾ ಇನ್ನು ಆರು ವಾರ ಉಂಟು. ಅದು ಇರುವಾಗ ಹೋದ್ರೆ ವೀಸಾದ ಕಿರಿಕಿರಿ ಇಲ್ಲ. ಟಿಬಿಲಿಸಿಗೆ ಒಂದು ಟಿಕೆಟ್ ಮಾಡಿ ಬಾಯಮ್ಮ. ಮೂರು ದಿನ ಸಾಕು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಳೇ ಕವರು ಒಂದನ್ನು ತೆಗೆದು ಗೆರೆ ಎಳೆದು, ಮನೆಯಲ್ಲಿ ಮೊಣಕಾಲು ನೋವು ಯಾರಿಗುಂಟು ಎಂದು ಕೇಳಿದೆ. ನನಗೇ ಎಂದರು. ಹಾಗಾದರೆ ಕ್ವಾಲಾಲಂಪುರ ಒಳ್ಳೆಯದು ಎಂದೆ. ಅಲ್ಲಿ ನನಗೆ ಕೆಲಸ ಇಲ್ಲ ಎಂದರು. ದೇಶ ಬಿಟ್ಟು ಹೋಗಲು ಬೇಕಾದ ಪರ್ಮಿಟ್ಟಿಗೆ ಕಫೀಲನ ಮಗ ಫೋನಿನಲ್ಲೇ ಒಪ್ಪಿಗೆ ಒತ್ತಿದ. ಕೊನೆಗೂ ತಿರುಗಾಟಕ್ಕೆ ಹೊರಟಿರಾ ಎಂದು ಅವನು ಕೇಳಿದ್ದಕ್ಕೆ ಇವರು, ಒಂದು ರೊಟ್ಟಿ ನೋಡಿ ಬರಬೇಕು ಎಂದು ಇದ್ದದ್ದನ್ನೇ ಹೇಳಿದರು. ಅವನು ತಮಾಷೆ ಎಂದು ತಿಳಿದುಕೊಂಡ.

ಅವರು ಹೋದ ಮೂರು ದಿನ ನನ್ನ ಕೈ ಕೆಲಸಕ್ಕೆ ಏಳಲಿಲ್ಲ. ಒಂದು ವೇಳೆ ಅದೇ ರೊಟ್ಟಿಯಾಗಿದ್ದರೆ? ಇಷ್ಟು ವರ್ಷ ಇಲ್ಲಿ ಸಂಪಾದಿಸಿದ ಒಳ್ಳೆಯ ಹೆಸರನ್ನು ಕೊನೆಯ ತಿಂಗಳಲ್ಲಿ ಹಜ್ಜುಮ್ಮನ ಮನೆ ಬಾಗಿಲಲ್ಲಿ ಇಟ್ಟು ಹೋಗಬೇಕಾಗುತ್ತಿತ್ತು. ಹೇಳದೆ ಹೋಗುವ ಜನ ಅವರಲ್ಲ.

ನಾಲ್ಕನೇ ದಿನ ಮಧ್ಯಾಹ್ನ ನೇರ ಏರ್‌ಪೋರ್ಟಿನಿಂದ ಆಫೀಸಿಗೆ ಬಂದರು. ಯಾರದೋ ದೊಡ್ಡ ಜಾಕೆಟ್, ಕೈಯಲ್ಲಿ ಕಾಗದದ ಒಂದು ಕಟ್ಟು. ಮುಖ ನೋಡಿದ ಕೂಡಲೇ ನನಗೆ ಜೀವ ಬಂತು. ಎಲ್ಲವೂ ಪುಸ್ತಕದಲ್ಲಿ ಇದ್ದ ಹಾಗೆಯೇ ಇದೆ, ಸೇತುವೆಯ ಹತ್ತಿರ ಟ್ಯಾಕ್ಸಿಯವನಿಗೆ ಎಡಕ್ಕೆ ತಿರುಗಲು ನಾನೇ ಹೇಳಿದೆ, ಆದರೆ ಆ ದಾರಿ ಈಗ ಒಂದೇ ಕಡೆಗಂತೆ, ಅವನ ಹತ್ತಿರ ಬೈಸಿಕೊಂಡೆ ಎಂದರು. ಹೋಟೆಲಿನ ಪಕ್ಕ ಆರು ಮೆಟ್ಟಿಲು ಇಳಿದರೆ ನೆಲಮಾಳಿಗೆಯಲ್ಲಿ ಬೇಕರಿ, ಇಲ್ಲಿನ ಇರಾನಿ ರೊಟ್ಟಿಯ ಒಲೆಯಂಥದೇ ಮಣ್ಣಿನ ಒಲೆ. ಒಲೆಯ ಹತ್ತಿರ ಒಬ್ಬ ದಪ್ಪ ಹೆಂಗಸು. ಫೋನಿನಲ್ಲಿ ಬರೆದು ಆಕೆಯ ಭಾಷೆಗೆ ತಿರುಗಿಸಿ ತೋರಿಸಿದರು. ನಮ್ಮಲ್ಲಿ ಮಾಂಸದ್ದು ಮಾಡುವುದೇ ಇಲ್ಲ, ಯಾವತ್ತೂ ಮಾಡಿಲ್ಲ, ಬೀನ್ಸ್ ಮತ್ತು ಬೆಣ್ಣೆ ಎಂದು ಆಕೆ ಬರೆದು ತೋರಿಸಿದಳು. ಬೀನ್ಸ್ ಬೇಯುತ್ತಿದ್ದ ಪಾತ್ರೆಯ ಮುಚ್ಚಳವನ್ನೂ ತೆಗೆದಳು.

"ಮತ್ತೆ ಹಜ್ಜುಮ್ಮನ ಫೋಟೋ ತೋರಿಸಿದೆ, ಮಗ ಸ್ಟೇಟಸ್ಸಿಗೆ ಹಾಕಿದ್ದು. ಆಕೆಗೆ ಭಾರೀ ಖುಷಿ. ಅಜ್ಜಿ ಹೇಗಿದ್ದಾರೆ, ಇನ್ನು ಯಾವಾಗ ಬರ್ತಾರೆ ಅಂತ ಕೇಳಿದ್ಳು. ಆಮೇಲೆ ಎಂತಕ್ಕೋ ಮೂಗನ್ನು ಬೆರಳಲ್ಲಿ ಹೀಗೆ ಮೇಲೆ ಒತ್ತಿ ತೋರಿಸಿ ನಗ್ಲಿಕ್ಕೆ ಶುರು ಮಾಡಿದ್ಳು. ನನ್ನನ್ನು ಎಂತದೋ ಬೈದದ್ದಾ ಗೊತ್ತಿಲ್ಲ. ಬೈದ್ರೂ ಅಡ್ಡಿಯಿಲ್ಲ."

ಇನ್ನೇನು, ಮುಗಿಯಿತಲ್ಲ, ರೊಟ್ಟಿ ಸರಿ ಇತ್ತು, ಹಜ್ಜುಮ್ಮನಿಗೆ ಏನೂ ಹೇಳುವ ಅಗತ್ಯವೇ ಇಲ್ಲ ಎಂದೆ ನಾನು.

"ರೊಟ್ಟಿ ಸರಿ ಇತ್ತು. ನಾನು ಸರಿ ಇರ್ಲಿಲ್ಲ. ನೀವೂ ಬನ್ನಿ. ಒಬ್ಬನೇ ಹೋದ್ರೆ ಅರ್ಧ ಹೇಳಿ ಬಂದುಬಿಡ್ತೇನೆ."

ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಎರಡನೇ ಮಹಡಿಯಲ್ಲಿ ಅವರ ಮನೆ. ಹಜ್ಜುಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. ನಾನಿದ್ದೇನೆಂದು ಬ್ಯಾರಿ ಬಿಟ್ಟು ಕನ್ನಡದಲ್ಲೇ ಮಾತಾಡಿದರು. ಕಾಕ ಕೂರಲಿಲ್ಲ. ನಿಂತುಕೊಂಡೇ, ಕಾಗದದ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲ ಹೇಳಿದರು. ಕಣ್ಣು ಮುಚ್ಚಿ ತಿನ್ನಿ ಎಂದದ್ದು, ತಾನು ಎಂದೂ ಆ ಊರು ಕಾಣದೆ ಹಾಗೆ ಹೇಳಿದ್ದು, ನನ್ನ ಹಂದಿಯ ರೊಟ್ಟಿ, ಆ ಬೇಕರಿ, ಬೀನ್ಸಿನ ಪಾತ್ರೆ. ಅರ್ಧ ಹೇಳಿ ಬಿಡಲಿಲ್ಲ. ಕೊನೆಗೆ, ನಿಮ್ಮ ರೊಟ್ಟಿ ಸರಿ ಇತ್ತು ಉಮ್ಮ, ಆದರೆ ನ್ಯಾಯವಾಗಿ ಹೇಳುವುದಾದರೆ ನನಗೆ ಅದು ಗೊತ್ತಿರಲಿಲ್ಲ, ನನ್ನನ್ನು ಮಾಫ್ ಮಾಡಬೇಕು ಎಂದರು. ಬಾಗಿಲ ಹತ್ತಿರ ನಿಂತಿದ್ದ ಮಗ ತಲೆ ತಗ್ಗಿಸಿದ. ನಾನು ಕಾರ್ಪೆಟ್ಟಿನ ಹೂವು ಎಣಿಸುತ್ತಿದ್ದೆ.

ಹಜ್ಜುಮ್ಮ ಮಡಚಿದ್ದ ಕಾಲನ್ನು ಕೆಳಗಿಳಿಸಿದರು.

"ನೀನು ಹೇಳಿದ್ದಿ ಅಂತ ನಾನು ತಿಂದದ್ದಾ?" ಎಂದರು. "ಬಾಯಿ ನಂದಲ್ವಾ? ಕೇಳದೆ ಹಾಕ್ತೇನಾ?"

ಅಷ್ಟು ಹೇಳಿ ತೋರುಬೆರಳಿನಿಂದ ತಮ್ಮ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ, ಹಂದಿಯ ಹಾಗೆ ಗುರ್ ಎಂದು ಸದ್ದು ಮಾಡಿ, ಇನ್ನೊಂದು ಕೈಯಿಂದ ಇದುಂಟಾ ಎಂದು ಕೇಳುವ ಸನ್ನೆ ಮಾಡಿದರು. ಮೊದಲ ದಿನವೇ ಆ ನೆಲಮಾಳಿಗೆಗೆ ಇಳಿದು, ಒಲೆಯ ಎದುರು ನಿಂತು, ಆ ಹೆಂಗಸಿನ ಮುಂದೆ ಹೀಗೆ ಮಾಡಿದ್ದರಂತೆ. ಆಕೆ ನಕ್ಕು ನಕ್ಕು ಸಾಕಾಗಿ, ಇಲ್ಲ ಎಂದು ತಲೆಯಾಡಿಸಿ, ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳಂತೆ. ಮರುದಿನದಿಂದ ಇವರನ್ನು ಕಂಡ ಕೂಡಲೇ ಆಕೆಯೇ ಮೂಗು ಒತ್ತಿ ತೋರಿಸುತ್ತಿದ್ದಳಂತೆ.

ಮಗ ನಕ್ಕ. ನಾನೂ ತಡೆಯಲಾರದೆ ನಕ್ಕೆ. ಕಾಕ ನಗಲಿಲ್ಲ. ಒಂದು ಕೈಯಿಂದ ಕುರ್ಚಿಯ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕೂತರು. ಇಷ್ಟು ದಿನ ಹೊತ್ತದ್ದೆಲ್ಲ ಅವರ ಹೆಗಲಿಂದ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

ಆಗ ಹಜ್ಜುಮ್ಮ, ಇಷ್ಟು ವರ್ಷದಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಅವರಿಗೆ ಕೇಳಿದರು.

"ನೀನು ಎಂತ ತಿಂದಿ ಅಲ್ಲಿ?"

ಕಾಕ ತಡವರಿಸಿದರು. ಖರ್ಜೂರ ತೆಗೆದುಕೊಂಡು ಹೋಗಿದ್ದರಂತೆ. ರೂಮಿನವರು ಮಾಡಿಕೊಟ್ಟ ಪತ್ತಿರಿ, ಅಂದರೆ ತೆಳು ಅಕ್ಕಿರೊಟ್ಟಿ, ಇತ್ತಂತೆ. ಮೂರು ದಿನ ಅಷ್ಟೆ. ಬೇಕರಿಯವಳು ಬಿಸಿ ರೊಟ್ಟಿ ಕೈಗೆ ಕೊಟ್ಟರೂ ಬಾಯಿಗೆ ಇಡಲಿಲ್ಲ, ಕಾಗದದಲ್ಲಿ ಸುತ್ತಿ ತಂದರು. ನಿಮಗೆ ಹೇಳದೆ ಅದನ್ನು ಹೇಗೆ ತಿನ್ನುವುದು ಎಂದರು.

ಹಜ್ಜುಮ್ಮ ಬ್ಯಾರಿಯಲ್ಲಿ ಏನೋ ಬೈದರು. ನನಗೆ ಅರ್ಥವಾದ ಅರ್ಧದಲ್ಲಿ ಪ್ರೀತಿಯೇ ಹೆಚ್ಚಿತ್ತು. ಮಗನನ್ನು ಕರೆಯದೆ ತಾವೇ ಎದ್ದು, ಮೊಣಕಾಲು ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಆ ರೊಟ್ಟಿಯನ್ನು ಕಾವಲಿಯ ಮೇಲೆ ಬಿಸಿ ಮಾಡಿ ತಂದರು. ನಾಲ್ಕು ತುಂಡು ಮಾಡಿ ಮೊದಲನೆಯದನ್ನು ಕಾಕನ ಕೈಯಲ್ಲಿಟ್ಟರು. ಬಿಸ್ಮಿಲ್ಲಾ ಎಂದು ಅವರು ಕಚ್ಚಿದರು. ನಾವು ಮೂವರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಬಹಳ ಹೊತ್ತು ಅಗಿದರು. ಕಣ್ಣು ಒದ್ದೆಯಾಗಿತ್ತು. ನುಂಗಿದ ಮೇಲೆ ನನ್ನ ಕಡೆಗೆ ತಿರುಗಿ, ಭಾರೀ ಅನ್ಯಾಯವಾದವರ ಹಾಗೆ, "ಉಪ್ಪು ಕಮ್ಮಿ ಉಂಟಲ್ಲ ಬಾಯಮ್ಮ" ಎಂದರು.

ಹೊರಡುವ ದಿನ ಚಪ್ಪಲಿ, ಚಾದ ಲೋಟ, ನಮಾಜಿನ ಚಾಪೆ ತೆಗೆದುಕೊಂಡು ಹೋದರು. ಹಸಿರು ನೋಟ್‌ಬುಕ್ಕನ್ನು ನನ್ನ ಡ್ರಾಯರಿನಲ್ಲಿ ಬಿಟ್ಟಿದ್ದರು. ಹೇಳಲೂ ಇಲ್ಲ, ಎರಡು ದಿನ ಕಳೆದ ಮೇಲೆ ಸಿಕ್ಕಿತು. ಎಂಟು ಹಾಳೆಗಳಲ್ಲಿ ಏಳು ಇನ್ನೂ ಖಾಲಿ ಇವೆ. ಈಗ ಎದುರಿನ ಕುರ್ಚಿಯಲ್ಲಿ ಯಾರಾದರೂ ಕೂತು, ಕ್ವಾಲಾಲಂಪುರ ಒಳ್ಳೆಯದಾ ಟಿಬಿಲಿಸಿ ಒಳ್ಳೆಯದಾ ಎಂದು ಕೇಳಿದರೆ, ನಾನು ಆ ಪುಸ್ತಕವನ್ನು ಹಿಂದಿನಿಂದ ತೆರೆದು ಅವರ ಕೊನೆಯ ಟಿಪ್ಪಣಿಯಿಂದಲೇ ಶುರು ಮಾಡುತ್ತೇನೆ. ದುಂಡಗಿನ ಅಕ್ಷರದಲ್ಲಿ, ಎರಡೇ ಸಾಲು. ಮೇಲೆ, "ಬೀನ್ಸ್ ರೊಟ್ಟಿ. ಕೇಳಿ ತಿನ್ನಬೇಕು. ಉಪ್ಪು ಕಮ್ಮಿ." ಅದರ ಕೆಳಗೆ ಅಭ್ಯಾಸಬಲದಿಂದ "ಹೇಳಿದವರು" ಎಂದು ಬರೆದು, ಅದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಮುಂದೆ ಬರೆದಿದ್ದಾರೆ: "ತಿಂದವನು, ನಾನೇ."